ನೀರು ಕುಡಿಯುವ ಕಲ್ಲು, ಎಣ್ಣೆ ಬೇಡುವ ಕಲ್ಲು

ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆದ ಕಲ್ಲನ್ನು ಮರುದಿನ ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲಿಟ್ಟೆ. ಸಂಜೆ ಹೊತ್ತಿಗೆ ಅದು ಚಿರೋಟಿಯಾಗಿತ್ತು. ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತೆಂದು ಉಗುರು ಹಾಕಿದರೆ ಒಂದು ಪದರ ಹಾಗೇ ಎದ್ದು ಬಂತು, ಅದರಡಿಯಲ್ಲಿ ಇನ್ನೊಂದು. ಜಪಾನಿನ ಕ್ಯೋಟೊ ಕಡೆಯ ಬೂದು ಬಣ್ಣದ ಮಸೆಗಲ್ಲು ಅದು; ತಿಂಗಳುಗಟ್ಟಲೆ ಹಂಬಲಿಸಿ ತರಿಸಿಕೊಂಡದ್ದು. ಅದೇ ಬಕೆಟ್ಟಿನಲ್ಲಿ ನೆನೆದು ಅದೇ ಬಿಸಿಲು ಕಂಡ ಅಮೆರಿಕದ ಅರ್ಕಾನ್ಸಾಸ್ ಕಲ್ಲಿಗೆ ಒಂದು ಗೀರೂ ಆಗಿರಲಿಲ್ಲ. ‘ಕಲ್ಲಿಗೇನಾಗುತ್ತದೆ, ಮಳೆಯಲ್ಲಿ ಬಿದ್ದರೂ ಕಲ್ಲೇ’ ಎಂದು ನಂಬಿ ಬೆಳೆದವನಿಗೆ ಅದೊಂದು ಪಾಠ.

ಮಸೆಗಲ್ಲುಗಳನ್ನು ಹೇಗೆ ಇಡಬೇಕೆಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಒಬ್ಬರು ಸದಾ ನೀರಲ್ಲಿರಲಿ ಅನ್ನುತ್ತಾರೆ, ಇನ್ನೊಬ್ಬರು ನೀರು ಸೋಕಿಸಲೇಬೇಡಿ ಅನ್ನುತ್ತಾರೆ. ಎಣ್ಣೆಯಲ್ಲಿ ಅದ್ದಿಡಿ ಅನ್ನುವವರಿದ್ದಾರೆ, ಎಣ್ಣೆ ಕಂಡರೆ ಕಲ್ಲು ಸತ್ತಂತೆ ಅನ್ನುವವರೂ ಇದ್ದಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ; ಒಬ್ಬೊಬ್ಬರ ಕೈಯಲ್ಲಿರುವುದು ಒಂದೊಂದು ಬಗೆಯ ಶಿಲೆ, ಅಷ್ಟೆ. ಮಸೆಗಲ್ಲು ಎಂಬುದು ಕೆಲಸದ ಹೆಸರು, ಶಿಲೆಯ ಹೆಸರಲ್ಲ. ಸಮುದ್ರದ ತಳದ ಕೆಸರು, ಬೆಟ್ಟದ ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿದ ಜೇಡಿ, ಪೂರ್ತಿ ಸಿಲಿಕವೇ ಆದ ಗಾಜಿನಂಥ ಬಂಡೆ, ಸಾದಾ ಮರಳುಗಲ್ಲು, ಎಲ್ಲವೂ ಈ ಒಂದೇ ಹೆಸರಿನಡಿ ಕಪಾಟು ಸೇರುತ್ತವೆ. ಯಾವುದನ್ನು ಹೇಗೆ ಇಡಬೇಕೆಂಬುದು ಅದು ಹುಟ್ಟಿದ ರೀತಿಯ ಮೇಲೆ ನಿಂತಿದೆ.

ಕನ್ನಡದಲ್ಲೂ ಈ ಗೊಂದಲ ಉಂಟು. ಸಾಣೆಕಲ್ಲು ಅಂದರೆ ಒಬ್ಬರಿಗೆ ದೇವರ ಮನೆಯಲ್ಲಿ ಗಂಧ ತೇಯುವ ಕಲ್ಲು, ಇನ್ನೊಬ್ಬರಿಗೆ ಕುಡುಗೋಲು ಮಸೆಯುವ ಕಲ್ಲು. ಒಂದರಲ್ಲಿ ಸವೆದು ಬಂದದ್ದು ಹಣೆಗೆ, ಇನ್ನೊಂದರಲ್ಲಿ ಸವೆದು ಬಂದದ್ದು ಬಚ್ಚಲಿಗೆ. ಅಕ್ಕಸಾಲಿಯ ಒರೆಗಲ್ಲು ಮೂರನೆಯದು. ಅದು ಚಿನ್ನವನ್ನು ಹರಿತ ಮಾಡುವುದಿಲ್ಲ, ಗೆರೆ ಹಿಡಿದು ಬಣ್ಣ ತೋರಿಸುತ್ತದೆ. ಲ್ಯಾಟಿನ್ನಿನಲ್ಲೂ ಇಂಥದೇ ಕಥೆ. ರೋಮಿನ ಲೇಖಕ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಒರೆಗಲ್ಲನ್ನು ಕೋಟಿಕುಲಾ ಎಂದು ಕರೆದ, ಇಂದು ಅದೇ ಹೆಸರು ಬೆಲ್ಜಿಯಮ್ಮಿನ ಮಸೆಗಲ್ಲಿಗೆ ಅಂಟಿಕೊಂಡಿದೆ. ಒಂದನೇ ಶತಮಾನದ ಆ ಪ್ಲಿನಿಯೇ ಮಸೆಗಲ್ಲುಗಳನ್ನು ಎಣ್ಣೆಯವು, ನೀರಿನವು ಎಂದು ಎರಡು ಪಂಗಡ ಮಾಡಿ, ಕ್ರೀಟ್ ಮತ್ತು ಲಕೋನಿಯದ ಕಲ್ಲುಗಳಿಗೆ ಎಣ್ಣೆ, ನಕ್ಸೋಸ್ ಮತ್ತು ಅರ್ಮೇನಿಯದವಕ್ಕೆ ನೀರು ಎಂದು ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷದಿಂದ ನಡೆದುಬಂದ ಜಗಳ ಇದು.

ಕಲ್ಲಿನ ಗುಣ ತಿಳಿಯಲು ಮೂರು ಸಂಗತಿ ನೋಡಿದರೆ ಸಾಕು. ಉಕ್ಕನ್ನು ಕೆರೆಯುವ ಕಣ ಯಾವುದು, ಆ ಕಣಗಳನ್ನು ಹಿಡಿದಿಟ್ಟ ಅಂಟು ಯಾವುದು, ನಡುವೆ ಖಾಲಿ ಜಾಗ ಎಷ್ಟು. ಕಣ ಹೆಚ್ಚಾಗಿ ಬೆಣಚು, ಅಂದರೆ ಕ್ವಾರ್ಟ್ಸ್; ಮೋಸ್ ಮಾಪನದಲ್ಲಿ ಅದರ ಗಡಸುತನ 7. ಹದ ಹಾಕಿದ ಉಕ್ಕು ಅದಕ್ಕಿಂತ ಒಂದಿಷ್ಟು ಕೆಳಗೆ ನಿಲ್ಲುತ್ತದೆ, ಆದ್ದರಿಂದ ಬೆಣಚು ಉಕ್ಕನ್ನು ಕೆರೆಯಬಲ್ಲದು. ಆದರೆ ಕಲ್ಲಿನ ಆಯುಷ್ಯವನ್ನು ನಿರ್ಧರಿಸುವುದು ಕಣವಲ್ಲ, ಅಂಟು ಮತ್ತು ಖಾಲಿ ಜಾಗ. ಅಂಗಡಿಯವರು ಬರೀ ಕಣದ ಮಾತಾಡುತ್ತಾರೆ. ‘ಇದು ಎಂಟು ಸಾವಿರ ಗ್ರಿಟ್ಟಿಗೆ ಸಮ’ ಎಂದು ನಿಸರ್ಗದ ಕಲ್ಲಿಗೆ ಚೀಟಿ ಅಂಟಿಸುತ್ತಾರೆ. ಕಾರ್ಖಾನೆಯ ಕಲ್ಲಿನಲ್ಲಿ ಜರಡಿ ಹಿಡಿದ ಒಂದೇ ಅಳತೆಯ ಕಣ ಇರುತ್ತದೆ, ಅಲ್ಲಿ ಅಂಕಿಗೆ ಅರ್ಥವಿದೆ. ನೆಲದಿಂದ ಅಗೆದ ಕಲ್ಲಿಗೆ ಜರಡಿ ಹಿಡಿದವರು ಯಾರು? ಆ ಅಂಕಿಯನ್ನು ನಾನು ನಂಬುವುದಿಲ್ಲ.

ಕ್ಯೋಟೊ ಕಲ್ಲಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸುಮಾರು 25 ಕೋಟಿ ವರ್ಷಗಳ ಹಿಂದೆ ಪಂಥಲಸ್ಸ ಎಂಬ ಮಹಾಸಾಗರದ ನಟ್ಟನಡುವಿನ ತಳ ಅದು. ಅಲ್ಲಿಗೆ ಯಾವ ನದಿಯ ಮರಳೂ ತಲುಪುತ್ತಿರಲಿಲ್ಲ. ರೇಡಿಯೊಲೇರಿಯ ಎಂಬ ಸೂಕ್ಷ್ಮಜೀವಿಗಳು ಸತ್ತು, ಅವುಗಳ ಸಿಲಿಕದ ಚಿಪ್ಪು ಕೆಳಗಿಳಿದು ಪದರಪದರವಾಗಿ ಚರ್ಟ್ ಎಂಬ ಗಟ್ಟಿ ಶಿಲೆಯಾಗುತ್ತಿತ್ತು. ಆಗ ಬಂತು ಪರ್ಮಿಯನ್ ಯುಗದ ಕೊನೆಯ ಮಹಾವಿನಾಶ. ಭೂಮಿ ಕಂಡ ಅತಿ ದೊಡ್ಡ ಜೀವನಾಶ ಅದು. ರೇಡಿಯೊಲೇರಿಯಗಳೂ ಹೆಚ್ಚುಕಡಿಮೆ ಅಳಿದವು, ಚರ್ಟ್ ಹುಟ್ಟುವುದು ನಿಂತಿತು. ಲಕ್ಷಾಂತರ ವರ್ಷಗಳ ಕಾಲ ಆ ತಳದ ಮೇಲೆ ಬಿದ್ದದ್ದು ಬಹುಪಾಲು ನುಣ್ಣನೆಯ ಜೇಡಿ ಮತ್ತು ಧೂಳು. ಜೀವಿಗಳು ಮತ್ತೆ ಚೇತರಿಸಿಕೊಂಡಾಗ ಅದರ ಮೇಲೆ ಮತ್ತೆ ಚರ್ಟ್ ಕೂತಿತು. ಎರಡು ಚರ್ಟ್‌ಗಳ ನಡುವೆ ಸಿಕ್ಕ ಆ ಜೇಡಿಶಿಲೆಯೇ ಮಸೆಗಲ್ಲು. ಸಾಗರತಳದ ಭೂಫಲಕ ಸರಿದು ಸರಿದು ಏಷ್ಯಾದ ಅಂಚಿಗೆ ಇದನ್ನು ತಂದು ಒತ್ತಿತು. ಇಂದು ಅದು ತಂಬಾ ಎಂಬ ಶಿಲಾಪಟ್ಟಿಯ ಭಾಗ. ಭೂವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲೂ ಈ ಪದರವನ್ನು ‘ತೊಯಿಶಿ ಮಾದರಿಯ ಶಿಲೆ’ ಎಂದೇ ಬರೆಯುತ್ತಾರೆ. ತೊಯಿಶಿ ಅಂದರೆ ಜಪಾನಿ ಭಾಷೆಯಲ್ಲಿ ಮಸೆಗಲ್ಲು.

ಅಂಥ ನಡುಗಡಲಲ್ಲಿ ಕೆಸರು ಕೂರುವ ವೇಗ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೂರು ಸೆಂಟಿಮೀಟರ್ ದಪ್ಪದ ಕಲ್ಲೆಂದರೆ ಸಾವಿರಾರು ವರ್ಷದ ಧೂಳು. ಆ ಧೂಳಿನಲ್ಲಿ ಅತಿ ಸಣ್ಣ ಬೆಣಚಿನ ಕಣಗಳಿವೆ, ಜೊತೆಗೆ ಅಭ್ರಕದ ಜಾತಿಯ ಚಪ್ಪಟೆ ಚೂರುಗಳಿವೆ. ಮಾಗಿಯಲ್ಲಿ ಮರದಡಿ ಉದುರಿದ ಎಲೆಗಳ ಹಾಗೆ ಈ ಚೂರುಗಳು ಮಲಗಿಕೊಂಡೇ ಕೂತಿವೆ. ಕಲ್ಲಿನ ಗುಣವೂ ಇದೇ, ದೋಷವೂ ಇದೇ. ಮಸೆಯುವಾಗ ಮೇಲ್ಮೈಯ ಕಣಗಳು ಕಳಚಿ ನೀರಿನೊಂದಿಗೆ ಬೆರೆತು ಹಾಲಿನಂಥ ರಸವಾಗುತ್ತದೆ. ಮೆದು ಕಬ್ಬಿಣವನ್ನು ಮಂಕಾಗಿ, ಗಡಸು ಉಕ್ಕನ್ನು ಹೊಳಪಾಗಿ ತೋರಿಸುವ ಆ ನವಿರು ಇದರಿಂದಲೇ. ಕತ್ತಿಗೆ ಕೊನೆಯ ಮೆರುಗು ಕೊಡುವ ಜಪಾನಿ ಕುಶಲಿಗಳು ಈ ಕಲ್ಲನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಮಲಗಿದ ಎಲೆಗಳ ನಡುವೆ ಅಂಚಿನಿಂದ ನೀರು ಸಲೀಸಾಗಿ ನುಗ್ಗುತ್ತದೆ. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಒದ್ದೆಯೇ. ಆ ಎಳೆದಾಟದಲ್ಲಿ ಪದರ ಬಿಡುತ್ತದೆ. ನನ್ನ ತಾರಸಿಯ ಮೇಲೆ ಆದದ್ದು ಇದು.

ಆದ್ದರಿಂದ ಈ ಕುಲದ ನುಣುಪು ಕಲ್ಲುಗಳನ್ನು ನೆನೆಹಾಕಬಾರದು. ಮೇಲೆ ನೀರು ಚಿಮುಕಿಸಿದರೆ ಸಾಕು. ಕೆಲಸ ಮುಗಿದ ಮೇಲೆ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಯಾಡುವ ಕಡೆ ಒಂದೆರಡು ದಿನ ಬಿಡಬೇಕು. ಬದಿಗಳಿಗೂ ತಳಕ್ಕೂ ಮೆರುಗೆಣ್ಣೆ ಬಳಿಯುವುದು ಜಪಾನಿನಲ್ಲಿ ರೂಢಿ. ಕೆಲವರು ತೆಳು ಕಾಗದ ಸುತ್ತಿ ಅದರ ಮೇಲೆ ಬಳಿಯುತ್ತಾರೆ. ಅಲ್ಲಿ ಬಳಸುವ ಮೆರುಗೆಣ್ಣೆಗಳಲ್ಲಿ ಒಂದು ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಆದದ್ದು ಎಂದು ತಿಳಿದಾಗ ಕರಾವಳಿಯವರಿಗೆ ಖುಷಿಯಾದೀತು. ಎಲ್ಲ ಕಲ್ಲಿಗೂ ಬಳಿಯಬೇಕೇ ಎಂಬ ಚರ್ಚೆ ಇದೆ. ನನ್ನ ಮಟ್ಟಿಗೆ, ಉಗುರಿನಿಂದ ತಟ್ಟಿದರೆ ಮಂದ ಸದ್ದು ಕೊಡುವ, ನೀರ ಹನಿಯನ್ನು ಒಂದು ನಿಮಿಷದೊಳಗೆ ಹೀರುವ ಮೆದು ಕಲ್ಲಿಗೆ ಬೇಕೇಬೇಕು; ಠಣ್ ಎನ್ನುವ ಗಟ್ಟಿ ಕಲ್ಲಿಗೆ ಬಳಿದರೆ ನಷ್ಟವೇನಿಲ್ಲ, ಅಷ್ಟೆ. ಹೀಗಿದ್ದೂ ಇದೇ ಜಪಾನಿನ ಒರಟು ಕಲ್ಲುಗಳಲ್ಲಿ ಕೆಲವನ್ನು ಅರ್ಧ ಗಂಟೆ ನೆನೆಸದಿದ್ದರೆ ಕೆಲಸವೇ ಮಾಡುವುದಿಲ್ಲ. ದೇಶ ನೋಡಿ ನಿಯಮ ಮಾಡಬೇಡಿ, ರಂಧ್ರ ನೋಡಿ ಮಾಡಿ.

ಕ್ಯೋಟೊ ಕಲ್ಲುಗಳ ಮೇಲಿನ ಗಣಿಯ ಮುದ್ರೆಗಳ ಬಗ್ಗೆ ಒಂದು ಮಾತು. ನಕಯಾಮ, ಒಝುಕು, ಶೋಬುದನಿ ಎಂದೆಲ್ಲ ಶಾಯಿಯ ಮುದ್ರೆ ಇರುತ್ತದೆ, ಬೆಲೆ ಆ ಮುದ್ರೆಗೇ ಹೋಗುತ್ತದೆ. ಬಹುತೇಕ ಹಳೆಯ ಗಣಿಗಳು ಮುಚ್ಚಿವೆ, ಆದರೆ ಮುದ್ರೆ ಕೆತ್ತುವವರಿಗೇನೂ ಬರವಿಲ್ಲ. ಮುದ್ರೆ ಅಸಲಿಯಾಗಿದ್ದರೂ ಕಲ್ಲಿನೊಳಗೆ ಉಕ್ಕನ್ನು ಗೀರುವ ಗಟ್ಟಿ ಎಳೆ ಇದ್ದರೆ ಆ ಭಾಗವನ್ನು ಕೊರೆದು ತೆಗೆಯದೆ ಬೇರೆ ದಾರಿಯಿಲ್ಲ.

ಬೆಲ್ಜಿಯಮ್ಮಿನ ಕೋಟಿಕ್ಯೂಲ್ ಕ್ಯೋಟೊ ಕಲ್ಲಿಗೆ ಪೂರಾ ವಿರುದ್ಧ ಸ್ವಭಾವದ್ದು. ಆರ್ಡೆನ್ ಬೆಟ್ಟಗಳಲ್ಲಿ, ವಿಯೆಲ್ಸಾಲ್ಮ್ ಮತ್ತು ಲಿಯೆರ್ನೂ ಊರುಗಳ ಸುತ್ತ, ಸುಮಾರು 48 ಕೋಟಿ ವರ್ಷ ಹಳೆಯ ಆರ್ಡೊವಿಶಿಯನ್ ಸ್ಲೇಟಿನ ನಡುವೆ ಕೆನೆ ಬಣ್ಣದ ಸಣ್ಣ ಪಟ್ಟಿಗಳಾಗಿ ಸಿಗುತ್ತದೆ. ಎಷ್ಟು ಸಣ್ಣ ಎಂದರೆ ಹಲವು ಕಡೆ ಕೆಲವೇ ಸೆಂಟಿಮೀಟರ್. ಅದೂ ಕೆಸರಾಗಿಯೇ ಹುಟ್ಟಿದ್ದು. ಮುಂದೆ ಬೆಟ್ಟ ಏಳುವಾಗಿನ ಒತ್ತಡ, ಶಾಖಕ್ಕೆ ಸಿಕ್ಕಿ ಅದರಲ್ಲಿದ್ದ ಮ್ಯಾಂಗನೀಸ್ ಹೊಸ ಹರಳುಗಳಾಗಿ ಬೆಳೆಯಿತು. ಸ್ಪೆಸರ್ಟೀನ್ ಎಂಬ ಈ ಗಾರ್ನೆಟ್ ಹರಳುಗಳು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಬಹುಮುಖದ ಗುಂಡಾದ ಹರಳಾದ್ದರಿಂದ ಅದು ಉಕ್ಕಿನಲ್ಲಿ ಆಳವಾದ ಗೀರು ಕೊರೆಯುವುದಿಲ್ಲ, ಆಳವಿಲ್ಲದ ತಗ್ಗು ಮಾಡುತ್ತದೆ. ಕ್ಷೌರದ ಕತ್ತಿಯವರು ಈ ಕಲ್ಲಿಗೆ ಮನಸೋಲುವುದು ಇದಕ್ಕೇ. ಈ ಕಲ್ಲಿನ ಖಾಲಿ ಜಾಗವೆಲ್ಲ ಒತ್ತಡದಲ್ಲಿ ಮುಚ್ಚಿಹೋಗಿದೆ, ನೀರು ಕುಡಿಯುವುದೇ ಇಲ್ಲ. ಹಾಗಂತ ನೆನೆಹಾಕಬಹುದೆಂದಲ್ಲ. ಕೆನೆಪಟ್ಟಿ ತೆಳುವಾದ್ದರಿಂದ ಅದಕ್ಕೆ ಸ್ಲೇಟಿನ ಬೆನ್ನು ಅಂಟಿಸಿರುತ್ತಾರೆ. ನೆನೆದರೆ ಬಿಡುವುದು ಕಲ್ಲಲ್ಲ, ಆ ಅಂಟು. ಎಲ್ಲೋ ಅಪರೂಪಕ್ಕೆ ನೆಲದಲ್ಲಿದ್ದ ಹಾಗೆಯೇ ಸ್ಲೇಟಿಗೆ ಕೂಡಿಕೊಂಡ ತುಂಡು ಸಿಗುತ್ತದೆ. ಮನುಷ್ಯ ಹಾಕಿದ ಅಂಟಿಲ್ಲದ ಅದಕ್ಕೆ ಬೆಲೆಯೂ ಹೆಚ್ಚು.

ಅರ್ಕಾನ್ಸಾಸಿನ ನೊವಾಕುಲೈಟ್ ಇವೆರಡಕ್ಕೂ ಸೇರದ ಮೂರನೆಯ ಕುಲ. ನೊವಾಕುಲ ಅಂದರೆ ಲ್ಯಾಟಿನ್ನಿನಲ್ಲಿ ಕ್ಷೌರದ ಕತ್ತಿ. ವಾಶಿಟಾ ಬೆಟ್ಟಗಳಲ್ಲಿ, ಹಾಟ್ ಸ್ಪ್ರಿಂಗ್ಸ್ ಊರಿನ ಸುತ್ತ ಇದರ ಗಣಿಗಳಿವೆ. ಯುರೋಪಿನವರು ಹೋಗುವ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳು ಇದನ್ನು ಅಗೆದು ಈಟಿಯ ಮೊನೆ ಮಾಡುತ್ತಿದ್ದರು. ಇದರಲ್ಲಿ ನೂರಕ್ಕೆ 99ರಷ್ಟು ಸಿಲಿಕವೇ. ಬೇರೆ ಅಂಟು ಅಂತ ಇಲ್ಲ. ಬೆಣಚಿನ ಕಣಕ್ಕೆ ಬೆಣಚಿನ ಕಣವೇ ಹೆಣೆದುಕೊಂಡಿದೆ. ಹಾಗಾಗಿ ಕಣ ಕಳಚುವುದಿಲ್ಲ, ಹಾಲಿನ ರಸ ಬರುವುದಿಲ್ಲ. ಉಕ್ಕಿನ ಪುಡಿ ಮೇಲ್ಮೈಯಲ್ಲೇ ಮೆತ್ತಿಕೊಂಡು ಕಲ್ಲು ಜಾರುಬಂಡೆಯಾಗುತ್ತದೆ. ಆ ಪುಡಿ ತೇಲಲೆಂದೇ ಎಣ್ಣೆ. ಎಣ್ಣೆ ಈ ಕಲ್ಲಿನ ಆಹಾರವಲ್ಲ, ಅದನ್ನು ತೊಳೆಯುವ ಸಾಧನ. ಸೋಪು ನೀರೂ ನಡೆಯುತ್ತದೆ. ಆದರೆ ಒಮ್ಮೆ ಎಣ್ಣೆ ಹಿಡಿಸಿದ ಮೇಲೆ ನೀರಿಗೆ ಬರುವುದು ಕಷ್ಟ.

ಯಾವ ಎಣ್ಣೆ? ಮನೆಯಲ್ಲಿರುವುದು ಕೊಬ್ಬರಿ ಎಣ್ಣೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅದು ಸೀಸೆಯಲ್ಲಿ ಗಟ್ಟಿಯಾಗುವ ಹಾಗೆ ಕಲ್ಲಿನ ಮೇಲೂ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯಂತೂ ಗಾಳಿಗೆ ಒಣಗಿ ಬಣ್ಣದಂತೆ ಪೊರೆ ಕಟ್ಟುತ್ತದೆ. ಸಾಸಿವೆ, ಕುಸುಬೆ ಎಣ್ಣೆಗಳೂ ದಿನ ಕಳೆದಂತೆ ಜಿಗುಟಾಗುತ್ತವೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಖನಿಜ ತೈಲವೇ ಸರಿ. ಕೆಲಸ ಮುಗಿದ ಮೇಲೆ ಒರೆಸಿ, ಮುಚ್ಚಳವಿರುವ ಮರದ ಡಬ್ಬಿಯಲ್ಲಿಡಿ. ನೀರು, ಬಿಸಿಲು, ಮಳೆ ಯಾವುದಕ್ಕೂ ಹೆದರದ ಈ ಕಲ್ಲು ಹೆದರುವುದು ಒಂದಕ್ಕೇ, ಸಿಮೆಂಟಿನ ನೆಲಕ್ಕೆ. ಕೈಜಾರಿ ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ.

ನಮ್ಮ ನೆಲದ ಕಡೆ ತಿರುಗಿದರೆ ಮಸೆಯುವ ಕೆಲಸಕ್ಕೆ ಸಾವಿರಾರು ವರ್ಷದ ಗುರುತುಗಳಿವೆ. ಬಳ್ಳಾರಿ ಬಳಿಯ ಸಂಗನಕಲ್ಲು, ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಗ್ರಾನೈಟ್ ಗುಡ್ಡವನ್ನು ಸೀಳಿ ಬಂದ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿ ಮಾಡುತ್ತಿದ್ದರು. ಚಕ್ಕೆ ಎಬ್ಬಿಸಿ ಆಕಾರ ಕೊಟ್ಟ ಮೇಲೆ ಬಂಡೆಗೆ ಉಜ್ಜಿ ನಯ ಮಾಡುತ್ತಿದ್ದರು. ಆ ಉಜ್ಜುವಿಕೆಯ ಉದ್ದನೆಯ ತಗ್ಗುಗಳು ಬಂಡೆಯಲ್ಲಿ ಉಳಿದಿವೆ. ಬೆರಳಾಡಿಸಿದರೆ ಒಳಗೆ ಕನ್ನಡಿಯ ನುಣುಪು. ಆದರೆ ಗ್ರಾನೈಟ್ ಒಳ್ಳೆಯ ಮಸೆಗಲ್ಲಲ್ಲ. ಬೆಣಚಿನ ಜೊತೆ ಅದಕ್ಕಿಂತ ಮೆದುವಾದ ಫೆಲ್ಡ್‌ಸ್ಪಾರ್ ಬೆರೆತಿದೆ, ಕಣ ದಪ್ಪ. ಬಾವಿಕಟ್ಟೆಗೆ ಕುಡುಗೋಲು ಉಜ್ಜುವವರಿಗೆ ಇದು ಗೊತ್ತು. ಹುಲ್ಲು ಕೊಯ್ಯಲು ಸಾಕು, ಕ್ಷೌರಕ್ಕೆ ಸಾಲದು.

ದಕ್ಷಿಣ ಭಾರತ ಜಗತ್ತಿಗೆ ಕೊಟ್ಟ ನಿಜವಾದ ಸಾಣೆ ಸಾಮಗ್ರಿ ಕುರುಂದ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರೇ ದ್ರಾವಿಡ ಮಾತಿನಿಂದ ಹೋದದ್ದು. ಗಡಸುತನ 9, ವಜ್ರ ಬಿಟ್ಟರೆ ನಿಸರ್ಗದ ಸಾಮಾನ್ಯ ಖನಿಜಗಳಲ್ಲಿ ಇದರ ಮುಂದೆ ಯಾವುದೂ ನಿಲ್ಲದು. ಹಳೆ ಮೈಸೂರಿನ ಸೀಮೆಯಲ್ಲಿ, ಸೇಲಂ ಕಡೆ ಇದು ಸಿಗುತ್ತದೆ. ಇದನ್ನು ಇಡೀ ಕಲ್ಲಾಗಿ ಬಳಸಲಿಲ್ಲ. ಕುಟ್ಟಿ ಪುಡಿ ಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ ಚಕ್ರ ಎರಕ ಹೊಯ್ಯುತ್ತಿದ್ದರು. ಕಣ ನಿಸರ್ಗದ್ದು, ಅಂಟು ಮನುಷ್ಯನದು. ಕಾರ್ಖಾನೆಯ ಸಾಣೆಚಕ್ರದ ತತ್ವವೂ ಇದೇ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ಮಾಡಿ ಕಾರ್ಬೊರಂಡಮ್ ಎಂದು ಹೆಸರಿಟ್ಟ, ಆ ಹೆಸರಿನ ಬಾಲದಲ್ಲಿರುವುದು ನಮ್ಮ ಕುರುಂದವೇ. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಕಲ್ಲು ಅದರ ಮೊಮ್ಮಗು. ಅದನ್ನು ಹೇಗೆ ಬೇಕಾದರೂ ಇಡಿ.

ಇನ್ನು, ಅಜ್ಜನ ಮನೆಯ ಅಟ್ಟದಲ್ಲೋ ಗುಜರಿಯಲ್ಲೋ ಸಿಕ್ಕ ಹೆಸರಿಲ್ಲದ ಕಲ್ಲನ್ನು ಗುರುತಿಸುವುದು ಹೇಗೆ? ಅಡುಗೆಮನೆಯ ತಕ್ಕಡಿ ಸಾಕು. ಒಣಗಿದ ಕಲ್ಲನ್ನು ತೂಗಿ. ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಕಲ್ಲು 530 ಗ್ರಾಂ, ಸರಿಸಿದ ನೀರು 200 ಗ್ರಾಂ ಎಂದಿಟ್ಟುಕೊಳ್ಳಿ, ಭಾಗಿಸಿದರೆ 2.65. ಅದು ಅಪ್ಪಟ ಬೆಣಚಿನ ಸಾಂದ್ರತೆ, ಒಳಗೆ ಖಾಲಿ ಜಾಗವೇ ಇಲ್ಲವೆಂದರ್ಥ. ಅರ್ಕಾನ್ಸಾಸಿನ ಅರೆಪಾರದರ್ಶಕ ಗಟ್ಟಿ ಕಲ್ಲು ಇದರ ಹತ್ತಿರ ಬರುತ್ತದೆ, ಮೆದು ಬಗೆಯದು 2.3ರ ಸುತ್ತ ನಿಲ್ಲುತ್ತದೆ. ಸ್ಪೆಸರ್ಟೀನಿನ ಸಾಂದ್ರತೆ 4ಕ್ಕೂ ಮೇಲಾದ್ದರಿಂದ ಕೋಟಿಕ್ಯೂಲಿನ ಕೆನೆಪಟ್ಟಿ ಕೈಗೇ ಭಾರ ಅನಿಸುತ್ತದೆ. ಮುಳುಗಿಸಿದಾಗ ಸಣ್ಣ ಗುಳ್ಳೆಗಳು ಎದ್ದರೆ ಲೆಕ್ಕ ನಿಲ್ಲಿಸಿ, ಕಲ್ಲನ್ನು ತಕ್ಷಣ ಹೊರತೆಗೆಯಿರಿ. ಅದು ನೀರು ಕುಡಿಯುವ ಕಲ್ಲು. ಬದಿಯನ್ನು ಭೂತಗಾಜಿನಲ್ಲಿ ನೋಡಿ ಪದರದ ಗೆರೆಗಳು ಯಾವ ಕಡೆ ಓಡಿವೆ ಎಂದು ಗುರುತು ಹಾಕಿಕೊಳ್ಳಿ; ಮಸೆಯುವ ಮೈ ಪದರಕ್ಕೆ ಸಮಾನಾಂತರವಾಗಿರಬೇಕು. ಒಂದು ಹನಿ ವಿನೆಗರ್ ಬದಿಗೆ ಬಿಟ್ಟು ನೊರೆ ಬಂದರೆ ಸುಣ್ಣದಂಶವಿದೆ. ಅಂಥದನ್ನು ಹುಳಿ ತಾಗಿದ ಕತ್ತಿಯಿಂದ ದೂರವಿಡಿ.

ಇಡುವ ಜಾಗದ ಬಗ್ಗೆ ಉಳಿದದ್ದು ಸಾಮಾನ್ಯ ಬುದ್ಧಿ, ಆದರೂ ನಾವೆಲ್ಲ ತಪ್ಪುವುದು ಅಲ್ಲಿಯೇ. ಒರಟು ಕಲ್ಲಿನ ಮೇಲೆ ನುಣುಪು ಕಲ್ಲನ್ನು ಮುಖಕ್ಕೆ ಮುಖ ಇಡಬಾರದು; ಒರಟಿನ ಒಂದೇ ಕಣ ನುಣುಪಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಕತ್ತಿಯ ಬಾಯಿಗೆ ಗೀರು ಖಂಡಿತ. ಒದ್ದೆ ಕಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಮಲೆನಾಡಿನ ಆಷಾಢದಲ್ಲಿ ವಾರದೊಳಗೆ ಬೂಷ್ಟು. ಕಲ್ಲಿನ ಮೇಲೆ ಚಾಕು ಬಿಟ್ಟು ಮಲಗಿದರೆ ತುಕ್ಕಿನ ಕಲೆ ಒಳಕ್ಕಿಳಿಯುತ್ತದೆ. ಟೊರಾಂಟೊ, ಮಿನ್ನಿಯಾಪೊಲಿಸ್‌ಗಳಲ್ಲಿರುವ ನಮ್ಮವರು ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕಲ್ಲು ಇಡಬೇಡಿ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪದರದ ಕಲ್ಲಿಗೆ ಅದು ಬೆಣೆ ಹೊಡೆದಂತೆ. ಮೇಲ್ಮೈ ಸಮ ಮಾಡುವಾಗ ಒಣ ಉಜ್ಜಬೇಡಿ. ಬೆಣಚಿನ ಧೂಳು ಶ್ವಾಸಕೋಶ ಸೇರಿದರೆ ಹೊರಬರದು; 19ನೇ ಶತಮಾನದ ಶೆಫೀಲ್ಡಿನಲ್ಲಿ ಒಣ ಚಕ್ರದ ಮೇಲೆ ಫೋರ್ಕು ಸಾಣೆ ಹಿಡಿದವರು ಎಳೆ ವಯಸ್ಸಿಗೇ ಸತ್ತದ್ದು ಸಿಲಿಕೋಸಿಸ್‌ನಿಂದ.

ಇಷ್ಟೆಲ್ಲ ಜತನ ಮಾಡಿ ನಿಸರ್ಗದ ಕಲ್ಲನ್ನು ಇಟ್ಟುಕೊಳ್ಳಬೇಕೇ? ದಿನದ ಈರುಳ್ಳಿ ಚಾಕುವಿಗೆ ಬೇಡ. ವೆನೇಡಿಯಮ್ ಹೆಚ್ಚಿರುವ ಹೊಸ ಉಕ್ಕುಗಳಿಗಂತೂ ಇದು ಕೆಲಸಕ್ಕೇ ಬಾರದು. ಆ ಉಕ್ಕಿನೊಳಗಿನ ಕಾರ್ಬೈಡ್ ಕಣಗಳು ಬೆಣಚಿಗಿಂತ ಗಡಸು, ಅಲ್ಲಿ ವಜ್ರದ ಪುಡಿಯ ತಗಡೇ ಬೇಕು. ಸಾದಾ ಇಂಗಾಲದ ಉಕ್ಕಿನ ಉಳಿ, ಕ್ಷೌರದ ಕತ್ತಿ, ಮಲೆನಾಡಿನ ಒಳ್ಳೆಯ ಕಮ್ಮಾರ ಬಡಿದ ಕತ್ತಿ ಇದ್ದರೆ ಮಾತ್ರ ಇದರ ರುಚಿ.

ಕ್ಯೋಟೊದಲ್ಲಿ ಒಡೆದ ಚೂರುಗಳನ್ನು ಎಸೆಯುವುದಿಲ್ಲ, ಕೊಪ್ಪ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಕತ್ತಿಗೆ ಮೆರುಗು ಕೊಡುವವರು ಇಂಥ ಕಲ್ಲನ್ನು ಹಾಳೆಯಷ್ಟು ತೆಳುವಾಗಿಸಿ, ಬೆನ್ನಿಗೆ ಕಾಗದ ಅಂಟಿಸಿ, ಹೆಬ್ಬೆರಳಿನಡಿ ಇಟ್ಟು ಉಜ್ಜುತ್ತಾರೆ. ನನ್ನ ಚಿರೋಟಿ ಕಲ್ಲಿನಲ್ಲಿ ಕೊನೆಗೆ ಏಳು ಚೂರು ಉಳಿದವು. ದಪ್ಪನೆಯ ಒಂದನ್ನು ಹಲಗೆಗೆ ಅಂಟಿಸಿ, ಬದಿಗೆ ಅರಗಿನ ವಾರ್ನಿಷ್ ಬಳಿದು ಕ್ಷೌರದ ಕತ್ತಿಗೆ ಇಟ್ಟುಕೊಂಡಿದ್ದೇನೆ. ಉಳಿದ ಆರು ತಗಡಿನ ಡಬ್ಬಿಯಲ್ಲಿವೆ, ಒಣಗಿಯೇ.